ಉಪ್ಪಿಲ್ಲದ ಉಪ್ಪಿಟ್ಟು ಮತ್ತು ಒಂದು ಹಳೇ ಟಿ.ವಿ.

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಖುಷಿಪಡುತ್ತಾರಂತೆ. ತವರಿನವರೋ, ಹಳೆಯ ಗೆಳೆಯರೋ ಅಂತ ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಾರಂತೆ, ಸರಿಯಾದ ಹೆಸರು ಬಂದ ಕೂಡಲೇ ನಿಂತುಹೋಗುತ್ತದಂತೆ. ಪುಣ್ಯವಂತರು! ನಮ್ಮೂರಿನಲ್ಲಿ ಬಿಕ್ಕಳಿಕೆಗೆ ಇರುವುದು ಒಂದೇ ಅರ್ಥ. ನೀವು ಮಾರಿದ ಯಾವುದೋ ವಸ್ತುವನ್ನು ಕೊಂಡುಕೊಂಡವರು ಎಲ್ಲೋ ಕೂತು ಅದರ ಬಗ್ಗೆ ಗೊಣಗುತ್ತಿದ್ದಾರೆ. ಅವರು ಗೊಣಗುವಷ್ಟು ಹೊತ್ತೂ ನೀವು ಬಿಕ್ಕಳಿಸಬೇಕು. ನೀರು ಕುಡಿಯಿರಿ, ಸಕ್ಕರೆ ನೆಕ್ಕಿ, ಮೂಗು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂರಿ, ಏನೂ ನಡೆಯುವುದಿಲ್ಲ. ಹಾಗಂತ ಆಗದವರ ಮೇಲೆ ಸೇಡು ತೀರಿಸಿಕೊಳ್ಳಲು ಸುಮ್ಮಸುಮ್ಮನೆ ಗೊಣಗಿದರೆ ಅದಕ್ಕೂ ಬಿಕ್ಕಳಿಕೆ ಬರುವುದಿಲ್ಲ. ಮನಸ್ಸಿನಿಂದಲೇ ಗೊಣಗಬೇಕು. ಅಷ್ಟರ ಮಟ್ಟಿಗೆ ನಮ್ಮೂರು ನ್ಯಾಯವಂತ ಊರು.

ಇದಕ್ಕೆ ನಮ್ಮ ಜನ ಹೊಂದಿಕೊಂಡಿರುವ ರೀತಿ ನೋಡಬೇಕು ನೀವು. ಪೇಟೆಯ ದೊಡ್ಡ ಅಂಗಡಿಯವರೆಲ್ಲ ಸಂಬಳ ಕೊಟ್ಟು ಒಬ್ಬೊಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದಾರೆ. ಬಿಕ್ಕಳಿಕೆ ಬರುವುದು ವಸ್ತುವನ್ನು ಕೈಯಾರೆ ಎತ್ತಿ ಕೊಟ್ಟವನಿಗೆ ತಾನೇ? ಮಾಲೀಕರು ಗಲ್ಲಾದಲ್ಲಿ ಕೂತು ದುಡ್ಡು ಎಣಿಸುತ್ತಾರೆ, ಈತ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳನ್ನು ಗಿರಾಕಿಯ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋಗಿ ಬಿಕ್ಕಳಿಸುತ್ತಾ ಕೂರುತ್ತಾನೆ. ಅವನಿಗೆ ಮ್ಯಾನೇಜರ್ ಅಂತ ಹೆಸರು. ದಾನ ಕೊಟ್ಟದ್ದಕ್ಕೆ, ಉಡುಗೊರೆ ಕೊಟ್ಟದ್ದಕ್ಕೆ ಬಿಕ್ಕಳಿಕೆಯಿಲ್ಲ. ಹಾಗಾಗಿ ನಮ್ಮೂರಿನ ಮದುವೆಗಳಲ್ಲಿ ಹೊಸ ಜೋಡಿಗೆ ಸಿಗುವಷ್ಟು ಹಳೇ ಮಿಕ್ಸಿಗಳು, ನಿಂತುಹೋದ ಗೋಡೆ ಗಡಿಯಾರಗಳು ಭೂಮಿಯ ಮೇಲೆ ಇನ್ನೆಲ್ಲೂ ಸಿಗಲಾರವು. ನನ್ನ ಮದುವೆಗೆ ಬಂದ ರೇಡಿಯೋ ಒಂದನ್ನು ನಾನು ಮೂರು ಮದುವೆಗಳ ಹಿಂದೆ ಇನ್ನೊಬ್ಬರ ಮದುವೆಯಲ್ಲಿ ಕಣ್ಣಾರೆ ಕಂಡಿದ್ದೆ.

ಆದರೂ ಮನುಷ್ಯನಿಗೆ ಆಸೆ ಅನ್ನುವುದೊಂದು ಇದೆಯಲ್ಲ! ಹಳೇ ಮಾಲನ್ನು ದುಡ್ಡಿಗೇ ಮಾರಬೇಕು ಅನ್ನುವವರು ನಮ್ಮಲ್ಲೂ ಇದ್ದಾರೆ. ಅಂಥವರು ಕೊಳ್ಳುವವನನ್ನು ಪರೀಕ್ಷೆ ಮಾಡುತ್ತಾರೆ. ಬೇರೆ ಕಡೆ ಕೊಳ್ಳುವವನು ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ನಮ್ಮಲ್ಲಿ ಮಾರುವವನು ಕೊಳ್ಳುವವನನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಮನೆಗೆ ಕರೆದು ಕೂರಿಸಿ, ಒಂದು ತಟ್ಟೆ ಉಪ್ಪಿಟ್ಟು ಕೊಡುವುದು ಪದ್ಧತಿ. ಉಪ್ಪಿಟ್ಟಿಗೆ ಉಪ್ಪು ಹಾಕಿರುವುದಿಲ್ಲ. ತಿನ್ನುವವನು ಮುಖ ಸಿಂಡರಿಸಿದರೆ ಬೆಲೆ ಸ್ವಲ್ಪ ಏರುತ್ತದೆ. 'ಉಪ್ಪು ಸ್ವಲ್ಪ...' ಅಂತ ಬಾಯಿಬಿಟ್ಟರೆ ದುಪ್ಪಟ್ಟು. ಸದ್ದಿಲ್ಲದೆ ತಿಂದರೆ ಹೇಳಿದ ಬೆಲೆ. ಚೆನ್ನಾಗಿದೆ ಅಂತ ಹೊಗಳಿದವನಿಗೆ ಅರ್ಧಕ್ಕರ್ಧ ಸೋಡಿ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಸಣ್ಣಂದಿನಿಂದಲೇ ಉಪ್ಪಿಲ್ಲದ ಉಪ್ಪಿಟ್ಟು ತಿನ್ನುವ ಅಭ್ಯಾಸ ಮಾಡಿಸುತ್ತಾರೆ.

ನಾನು ಹೊನ್ನಪ್ಪ. ಪೇಟೆ ಬೀದಿಯ ನವರೂಪ ಕೇಶಾಲಯ ನನ್ನದು. ನನ್ನ ಕೈ ಎಂಥದ್ದು ಅಂತ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಗಡ್ಡ ಹೆರೆಯುವಾಗ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು. ಎದುರು ಸಾಲಿನಲ್ಲಿ ಕೆಂಪರಾಜು ಅನ್ನುವವನೂ ಒಂದು ಸಲೂನ್ ಇಟ್ಟಿದ್ದಾನೆ. ಅವನ ಗಿರಾಕಿಗಳಿಗೆ ನಿದ್ದೆ ಬಂದದ್ದನ್ನು ನಾನಂತೂ ಕಾಣೆ. ಹೊಟ್ಟೆಯುರಿಗೆ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ.

ನನ್ನ ಅಂಗಡಿಯಲ್ಲೊಂದು ಹಳೇ ಟಿ.ವಿ. ಇತ್ತು. ಬೆನ್ನು ದಪ್ಪಗಿರುವ, ಡಬ್ಬಿಯಂಥ ಟಿ.ವಿ. ಅದರ ಒಂದು ದೌರ್ಬಲ್ಯವೆಂದರೆ ಇದ್ದಕ್ಕಿದ್ದಂತೆ ಚಿತ್ರವೆಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ಬಲಗೆನ್ನೆಗೆ ಒಂದು ಏಟು ಕೊಟ್ಟರೆ ಸರಿಹೋಗುತ್ತಿತ್ತು. ಗೋಡೆಗೆ ನೇತುಹಾಕುವ ತೆಳ್ಳನೆಯ ಹೊಸ ಟಿ.ವಿ. ತಂದ ಮೇಲೆ ಇದು ಮೂಲೆಗೆ ಬಿತ್ತು. ನನ್ನ ಹೆಂಡತಿ ಜಯಶೀಲ ಆವತ್ತೇ ಹೇಳಿದಳು.

"ರೀ, ಅದನ್ನ ನನ್ನ ತಮ್ಮನ ಮದುವೆಗೆ ಕೊಟ್ಟು ಕೈತೊಳ್ಕೊಳ್ಳಿ. ಮಾರೋ ಉಸಾಬರಿ ನಮಗೆ ಬೇಡ. ಕತ್ತಿ ಹಿಡಿಯೋ ಕೈ ನಿಮ್ಮದು, ಬಿಕ್ಕಳಿಕೆ ಬಂದ್ರೆ ಏನ್ ಗತಿ?"

"ಹೋಗೇ, ನಿನ್ನ ತಮ್ಮನಿಗೆ ಈಗಾಗ್ಲೇ ಎರಡು ಟಿ.ವಿ. ಬರೋದು ಗೊತ್ತಾಗಿದೆಯಂತೆ," ಅಂದೆ. "ಕೊಳ್ಳೋನು ಒಳ್ಳೇವನಾದ್ರೆ ಬಿಕ್ಕಳಿಕೆ ಯಾಕೆ ಬರುತ್ತೆ? ಆರಿಸಿ ಮಾರ್ತೀನಿ, ನೋಡ್ತಿರು."

ಆರಿಸಿಯೇ ಮಾರಿದೆ. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಮುದ್ದುರಂಗನಿಗಿಂತ ತೃಪ್ತ ಜೀವಿ ನಮ್ಮೂರಲ್ಲಿ ಇನ್ನೊಬ್ಬನಿಲ್ಲ. ಮಳೆ ಬಂದರೆ 'ಒಳ್ಳೇದಾಯ್ತು' ಅನ್ನುತ್ತಾನೆ, ಬಿಸಿಲು ಬಂದರೂ 'ಒಳ್ಳೇದಾಯ್ತು' ಅನ್ನುತ್ತಾನೆ. ಒಮ್ಮೆ ಬಸ್ಸಿನವನು ಅವನನ್ನು ಬೇರೆಯೇ ಊರಿನಲ್ಲಿ ಇಳಿಸಿದಾಗ 'ಈ ಊರನ್ನೂ ನೋಡಿದ ಹಾಗಾಯ್ತು' ಅಂತ ಅಲ್ಲೇ ಒಂದು ದಿನ ಇದ್ದು ಬಂದ ಪುಣ್ಯಾತ್ಮ. ಸಲೂನಿಗೆ ರಜೆಯಿದ್ದ ಮಂಗಳವಾರ ಅವನನ್ನು ಮನೆಗೆ ಕರೆದೆ. ಜಯಶೀಲ ಮುಖ ಊದಿಸಿಕೊಂಡೇ ಉಪ್ಪಿಟ್ಟು ಮಾಡಿಟ್ಟಳು. ಸಿಟ್ಟಿಗೆ ಉಪ್ಪಿನ ಜೊತೆ ಒಗ್ಗರಣೆಯನ್ನೂ ಬಿಟ್ಟಿದ್ದಳು.

ಮುದ್ದುರಂಗ ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕಿ, ಇನ್ನೊಂದು ಸಲ ಹಾಕಿಸಿಕೊಂಡ. "ಅತ್ತಿಗೆ, ಎಂಥಾ ಹದ! ನಮ್ಮನೇಲಿ ಯಾವಾಗ್ಲೂ ಉಪ್ಪು ಹಾಕಿಬಿಡ್ತಾರೆ. ಇದು ನೋಡಿ, ಹೊಟ್ಟೆಗೆ ತಂಪು. ಹೆಂಗ್ ಮಾಡಿದ್ರಿ ಅಂತ ನಮ್ಮೋಳಿಗೂ ಹೇಳಿಕೊಡಿ."

ನನಗೆ ಕಣ್ಣಲ್ಲಿ ನೀರೇ ಬಂತು. ಇಂಥ ಗಿರಾಕಿ ಜನ್ಮಕ್ಕೊಬ್ಬ ಸಿಗುವುದು. ಅರ್ಧ ಬೆಲೆಗೆ ಒಪ್ಪಿ, ಟಿ.ವಿ.ಯನ್ನು ನನ್ನ ಕೈಯಾರೆ ಎತ್ತಿ ಆಟೋದಲ್ಲಿಟ್ಟೆ. ಬದನೆಕಾಯಿ ಬಣ್ಣದ ವಿಷಯ ಕೇಳಿದರೆ ಹೇಳೋಣ ಅಂದುಕೊಂಡಿದ್ದೆ. ಅವನು ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬ್ಯಾಂಡ್ ಮಾಸ್ತರ್ ದಾಸಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಅವರ ಮೀಸೆ ಅವರ ಮದುವೆಗಿಂತ ಹಳೆಯದು. ತುದಿಗಳನ್ನು ನನ್ನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಕತ್ತರಿ ಹಿಡಿದು, ಉಸಿರು ಬಿಗಿಹಿಡಿದು, ಬಲಗಡೆಯ ತುದಿಯಿಂದ ಒಂದೇ ಒಂದು ಕೂದಲು ತೆಗೆಯಬೇಕು ಅನ್ನುವಷ್ಟರಲ್ಲಿ 'ಹಿಕ್' ಅಂತು. ಅರ್ಧ ಮೀಸೆ ಅವರ ತೊಡೆಯ ಮೇಲೆ ಬಿದ್ದಿತ್ತು.

ದಾಸಪ್ಪನವರು ಕನ್ನಡಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನಗೆ ಮತ್ತೊಂದು ಬಿಕ್ಕಳಿಕೆ ಬಂತು.

"ಏನಯ್ಯಾ ಮಾರ್ದೆ?" ಅಂದರು.

ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಒಬ್ಬನಿಗೆ ತುರ್ತಾಗಿ ಹಾಲು ತರುವುದಿತ್ತು, ಇನ್ನೊಬ್ಬನಿಗೆ ಗಡ್ಡ ಬಿಡುವ ಹರಕೆ ಆಗಷ್ಟೇ ನೆನಪಾಯಿತು. ಐದು ನಿಮಿಷದಲ್ಲಿ ಅಂಗಡಿ ಗುಡಿಸಿ ಹಾಕಿದಂತಾಯಿತು. ಎದುರುಗಡೆ ಕೆಂಪರಾಜು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಸಂಜೆಯ ಹೊತ್ತಿಗೆ ಅವನ ಅಂಗಡಿಗೆ ಒಂದು ಹೊಸ ಬೋರ್ಡು ಬಂತು: 'ಇಲ್ಲಿ ಬಿಕ್ಕಳಿಕೆ ಇಲ್ಲ'.

ನಾನು ಅಂಗಡಿ ಮುಚ್ಚಿ ನೇರ ಗಿರಣಿ ಬೀದಿಗೆ ಓಡಿದೆ. ಮುದ್ದುರಂಗ ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ ಆಗಷ್ಟೇ ಮನೆಗೆ ಬಂದಿದ್ದ. ನನ್ನನ್ನು ಕಂಡು ಮುಖವೆಲ್ಲ ನಗು ಮಾಡಿಕೊಂಡ.

"ಬನ್ನಿ ಹೊನ್ನಪ್ಪಣ್ಣ, ಬನ್ನಿ. ಎಂಥಾ ಟಿ.ವಿ. ಕೊಟ್ರಿ! ದೇವರಂಥಾ ಟಿ.ವಿ.!"

"ಹಿಕ್! ಮುದ್ದು, ನಿಜ ಹೇಳಪ್ಪಾ, ಏನೋ ಬೇಜಾರಾಗಿದೆ ನಿಂಗೆ. ಹಿಕ್! ಹೇಳ್ಬಿಡು, ಸರಿಮಾಡಿಕೊಡ್ತೀನಿ."

"ಅಯ್ಯೋ, ನಂಗ್ಯಾಕಣ್ಣ ಬೇಜಾರು? ಒಂದೊಂದು ಸಲ ಎಲ್ಲಾ ನೇರಳೆ ಬಣ್ಣಕ್ಕೆ ಬರುತ್ತೆ. ನೇರಳೆ ಬಣ್ಣ ಕಣ್ಣಿಗೆ ಒಳ್ಳೇದಂತೆ."

ಅವನ ಮುಖದಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಇವನು ಗೊಣಗುತ್ತಿಲ್ಲ, ನಾನು ಬಿಕ್ಕಳಿಸುತ್ತಿದ್ದೇನೆ, ಇದು ಯಾವ ಊರಿನ ನ್ಯಾಯ? ಅಷ್ಟರಲ್ಲಿ ಒಳಗಿನ ಕೋಣೆಯಿಂದ ಒಂದು ದನಿ ಕೇಳಿಸಿತು. "ಥತ್, ಇದೂ ಒಂದು ಟಿ.ವಿ.ನಾ! ಯಾವ ಮುಠ್ಠಾಳ ಮಾರಿದ್ನೋ ಇದನ್ನ!" ಆ ಕ್ಷಣಕ್ಕೇ ನನ್ನ ಗಂಟಲು ಕಿತ್ತುಬರುವಂತೆ ಬಿಕ್ಕಳಿಕೆ ಬಂತು.

"ಯಾರದು?" ಅಂದೆ.

"ನಮ್ಮತ್ತೆ. ಹೋದ ತಿಂಗಳು ಮಗನ ಮನೆಯಿಂದ ಇಲ್ಲಿಗೆ ಬಂದ್ರು. ಟಿ.ವಿ. ತಂದಿದ್ದೇ ಅವರಿಗೆ ಅಂತ."

ಮುದ್ದುರಂಗನ ಅತ್ತೆ ಅಂದರೆ ಪುಟ್ಟತಾಯಮ್ಮ. ಆ ಹೆಸರು ಕೇಳಿದರೆ ಸಾಕು, ನಮ್ಮೂರಿನ ಮಾರುವವರ ಗಂಟಲು ತಾನಾಗಿಯೇ ಒಣಗುತ್ತದೆ. ಸೊಪ್ಪಿನವರು ಆಕೆಯ ಬೀದಿಯಲ್ಲಿ ಕೂಗದೆ ತುದಿಗಾಲಲ್ಲಿ ದಾಟುತ್ತಾರೆ. ಬಳೆಗಾರ ಒಬ್ಬ ಆಕೆಗೆ ಒಂದು ಡಜನ್ ಹಸಿರು ಬಳೆ ಮಾರಿ, ಆ ಬಳೆಗಳು ಒಡೆಯುವವರೆಗೂ ಬಿಕ್ಕಳಿಸಿದ್ದ. ನಾನು ಕೊಳ್ಳುವವನ ನಾಲಿಗೆ ಪರೀಕ್ಷೆ ಮಾಡಿದೆ, ಮನಸ್ಸು ಪರೀಕ್ಷೆ ಮಾಡಿದೆ. ಕೊಳ್ಳುವುದು ಯಾರಿಗೋಸ್ಕರ ಅಂತ ಮಾತ್ರ ಕೇಳಲಿಲ್ಲ. ಅವರು ಗೊಣಗಿದರೂ ಬಿಕ್ಕಳಿಕೆ ಮಾರಿದವನಿಗೇ.

"ಹೇಳಬಾರದಿತ್ತೇನಯ್ಯಾ ನೀನು!"

"ನೀವು ಕೇಳ್ಲಿಲ್ಲವಲ್ಲಣ್ಣ," ಅಂದ ಮುದ್ದುರಂಗ, ಅದೇ ನಗುಮುಖದಲ್ಲಿ.

ಒಳಗೆ ಹೋದೆ. ಮಂಚದ ಮೇಲೆ ಕಾಲು ನೀಡಿಕೊಂಡು ಒಬ್ಬರು ಸಣ್ಣ ಆಕಾರದ ಹೆಂಗಸು ಕೂತಿದ್ದರು. ಕೈಯಲ್ಲಿ ರಿಮೋಟು. ಟಿ.ವಿ.ಯಲ್ಲಿ ಬದನೆಕಾಯಿ ಬಣ್ಣದ ಅತ್ತೆಯೊಬ್ಬಳು ಬದನೆಕಾಯಿ ಬಣ್ಣದ ಸೊಸೆಗೆ ಬೈಯುತ್ತಿದ್ದಳು. ಹಳೇ ಮಾಲು ಮಾರಿದವರು ಎಲ್ಲ ಕಾಲದಲ್ಲೂ ಹೇಳುವ ಮಾತುಗಳು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಒಂದೊಂದೇ ಹೊರಗೆ ಬಿಟ್ಟೆ.

"ಅಮ್ಮಾ, ಹಿಕ್, ನಮ್ಮಂಗಡೀಲಿ ಇದು ಚೆನ್ನಾಗೇ ಬರ್ತಿತ್ತು."

"ಹಾಗಾದ್ರೆ ಅಂಗಡೀನೂ ಇಲ್ಲಿಗೇ ತಂದುಬಿಡಯ್ಯಾ."

"ನಿಮ್ಮನೆ ಕರೆಂಟು ಸರಿಯಿಲ್ವೇನೋ. ಹಿಕ್."

"ಊರಿಗೆಲ್ಲ ಬರೋ ಕರೆಂಟೇ ನಮ್ಮನೆಗೂ ಬರೋದು. ನಮಗೇನು ಬೇರೆ ಕಂಬ ನೆಟ್ಟಿದಾರಾ?"

"ಹಳೇ ಮಾಲಿಗೆ ಗ್ಯಾರಂಟಿ ಇರಲ್ಲಮ್ಮ. ಹಿಕ್!"

ಪುಟ್ಟತಾಯಮ್ಮ ರಿಮೋಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗ್ಯಾರಂಟಿ ನಿನ್ನ ಗಂಟಲಲ್ಲೇ ಇದೆಯಲ್ಲಯ್ಯಾ," ಅಂದರು.

ಇನ್ನು ಮಾತು ಬೆಳೆಸಿ ಪ್ರಯೋಜನವಿರಲಿಲ್ಲ. ಟಿ.ವಿ.ಯ ಬಲಗೆನ್ನೆಗೆ ಒಂದು ಬಿಟ್ಟೆ. ಬಣ್ಣವೆಲ್ಲ ತಟ್ಟನೆ ಸರಿಹೋಯಿತು. ಬಿಕ್ಕಳಿಕೆಯೂ ನಿಂತಿತು. ಗೆದ್ದೆ ಅಂದುಕೊಂಡು ಬೀದಿಯ ತಿರುವಿನವರೆಗೆ ಬಂದಿರಲಿಲ್ಲ, ಮತ್ತೆ ಶುರು. ವಾಪಸು ಓಡಿದೆ. ಈಗ ಚಿತ್ರ ಸ್ಪಷ್ಟವಾಗಿಬಿಟ್ಟು, ಆ ಸೊಸೆಯ ಮುಖದ ಮೊಡವೆಯೆಲ್ಲ ಕಾಣುತ್ತದಂತೆ, ನೋಡಲು ಆಗುತ್ತಿಲ್ಲವಂತೆ. ಮಾರನೆಯ ದಿನ ದನಿ ಕೀಚಲು. ಅದರ ಮಾರನೆಯ ದಿನ ದನಿ ಒರಟು. ಒಂದು ದಿನ ಟಿ.ವಿ.ಯ ಬೆನ್ನು ದಪ್ಪ ಅಂತ, ಇನ್ನೊಂದು ದಿನ ಹವಾಮಾನ ಹೇಳುವ ಹುಡುಗಿ ಮಳೆ ಬರುತ್ತದೆ ಅಂದಳು, ಬರಲಿಲ್ಲ ಅಂತ. "ಅಮ್ಮಾ, ಮಳೆ ನಾನು ಮಾರಿಲ್ಲ" ಅಂತ ಕೈಮುಗಿದೆ. "ಹೇಳಿದ್ದು ನಿನ್ನ ಟಿ.ವಿ. ತಾನೇ?" ಅಂದರು. ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಹೋದೆ. ಅವನು ಟಿ.ವಿ. ಬಿಚ್ಚಿ, ಧೂಳು ಊದಿ, "ಸಡಿಲಾದ ತಂತಿ ಒಂದಿತ್ತು, ಬಿಗಿ ಮಾಡಿದೀನಿ, ಯಾವಾಗ ಮತ್ತೆ ಸಡಿಲ ಆಗುತ್ತೋ ದೇವರೇ ಬಲ್ಲ" ಅಂತ ಹೇಳಿ ಹೋದ. ಅದು ಸಂಜೆಗೇ ಸಡಿಲವಾಯಿತು.

ಕಡೆಗೆ ನಾನು ಇಸ್ಕೊಂಡ ದುಡ್ಡಿಗಿಂತ ಸ್ವಲ್ಪ ಹೆಚ್ಚೇ ಸೇರಿಸಿ ಹಿಡಿದುಕೊಂಡು ಹೋಗಿ ಬೇಡಿಕೊಂಡೆ. "ದುಡ್ಡು ತಗೊಳ್ಳಿ, ಟಿ.ವಿ. ವಾಪಸ್ ಕೊಡಿ. ಮುಗಿದುಹೋಗಲಿ."

"ಕೊಡಲ್ಲ," ಅಂದರು ಪುಟ್ಟತಾಯಮ್ಮ.

"ಚೆನ್ನಾಗಿಲ್ಲ ಅಂತೀರಲ್ಲ!"

"ಚೆನ್ನಾಗಿಲ್ಲ ಅಂತ ಕೊಟ್ಟುಬಿಡೋಕಾಗುತ್ತಾ? ಹಂಗಂದ್ರೆ ನಾನು ಈ ಅಳಿಯನ್ನೇ ಎಂದೋ ಕೊಟ್ಟುಬಿಡ್ತಿದ್ದೆ."

ಅಂಗಡಿಯ ಕಡೆ ನೋಡುವಂತಿರಲಿಲ್ಲ. ಕುರ್ಚಿಯ ಮೇಲೆ ಧೂಳು ಕೂತಿತ್ತು. ಅರ್ಧ ಮೀಸೆಯ ದಾಸಪ್ಪನವರು ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡಿನ ಮುಂದೆ ನಡೆಯುತ್ತಾ ನನಗೆ ಉಚಿತ ಪ್ರಚಾರ ಕೊಡುತ್ತಿದ್ದರು. ನನ್ನ ಹಳೇ ಗಿರಾಕಿಗಳು ಕೆಂಪರಾಜುವಿನ ಕುರ್ಚಿಯಲ್ಲಿ ಕಣ್ಣುಬಿಟ್ಟುಕೊಂಡು ಕೂತಿರುವುದು ನನಗೆ ಕಾಣುತ್ತಿತ್ತು. ಬಾಡಿಗೆ ಕೇಳಲು ಬಂದ ಮಾಲೀಕರು ನನ್ನ ಬಿಕ್ಕಳಿಕೆ ಕೇಳಿ, "ತಿಂಗಳ ಕೊನೆಗೆ ಅಂಗಡಿ ಬಿಟ್ಟುಬಿಡಪ್ಪಾ, ಕೆಂಪರಾಜು ಕೇಳ್ತಿದ್ದಾನೆ" ಅಂದರು. ಕತ್ತರಿ ಹಿಡಿಯುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಮನೆಗೆ ಬಂದು ಊಟಕ್ಕೆ ಕೂತರೆ ತುತ್ತು ಒಳಗೆ ಹೋಗಲಿಲ್ಲ. ಜಯಶೀಲ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಸುಮ್ಮನೆ ನೀರಿನ ಲೋಟ ಮುಂದಿಟ್ಟು ಬೆನ್ನು ಸವರಿದಳು. ಅವಳು ಬೈಯದೇ ಇದ್ದದ್ದು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಮಾರನೆಯ ದಿನ ಮಧ್ಯಾಹ್ನ ನಾನು ಪುಟ್ಟತಾಯಮ್ಮನ ಮುಂದೆ ಹೋಗಿ ನಿಂತೆ. ಈ ಸಲ ದುಡ್ಡೂ ಒಯ್ದಿರಲಿಲ್ಲ, ವಿನಯವನ್ನೂ ಒಯ್ದಿರಲಿಲ್ಲ.

"ನಾನು ನಿಮಗೇನು ಮಾಡಿದೀನಿ ತಾಯಿ? ಹಿಕ್! ನನ್ನ ಅಂಗಡಿ ಹೋಗ್ತಾ ಇದೆ. ಹಿಕ್! ಹೆಂಡ್ತಿ ಜೊತೆ ಬೀದಿಗೆ ಬರ್ತೀನಿ. ಒಂದು ಹಾಳು ಟಿ.ವಿ.ಗೆ ಮನುಷ್ಯನ್ನ ಹಿಂಗೆ ಗೋಳು ಹುಯ್ಕೋತಾರಾ?"

ಮುದುಕಿ ಟಿ.ವಿ.ಯ ದನಿ ತಗ್ಗಿಸಿದರು. ಮಂಚದ ತುದಿ ತೋರಿಸಿ ಕೂರು ಅಂದರು. ಕೂತೆ.

"ನೀನು ಓಡಿಬಂದೆ ಕಣಯ್ಯಾ," ಅಂದರು. "ಮೊದಲ ದಿನ. ನಾನು ಇಲ್ಲಿ ಗೊಣಗಿದೆ, ನೀನು ಅಲ್ಲಿಂದ ಓಡಿಬಂದೆ. ನಂಗೆ ಎಷ್ಟು ಆಶ್ಚರ್ಯ ಆಯ್ತು ಗೊತ್ತಾ? ಮದುವೆಯಾಗಿ ಬಂದಾಗಿಂದ ಗೊಣಗ್ತಾನೇ ಇದೀನಿ. ಗಂಡ ಪೇಪರ್ ಅಡ್ಡ ಹಿಡ್ಕೊಂಡ. ಮಗ ಬಾಗಿಲು ಹಾಕ್ಕೊಂಡ. ಆ ಬಳೆಗಾರನೂ ಬಿಕ್ಕಳಿಸ್ಕೊಂಡು ನನ್ನ ಬೀದಿ ಬಿಟ್ಟು ಓಡಿದ, ಏನಾಯ್ತಮ್ಮಾ ಅಂತ ಕೇಳೋಕೆ ಬರಲಿಲ್ಲ. ಈ ಮುದ್ದುರಂಗ ಇದಾನಲ್ಲ, ಒಳ್ಳೇವನು, ಇಲ್ಲ ಅನ್ನಲ್ಲ. ಆದ್ರೆ ಮಂಡಿ ನೋವು ಕಣಪ್ಪಾ ಅಂದ್ರೆ 'ಒಳ್ಳೇದಾಯ್ತು ಅತ್ತೆ, ರೆಸ್ಟ್ ಸಿಕ್ತು' ಅಂತಾನೆ. ನಾನು ಏನಂದ್ರೂ ಯಾರೂ ಓಡಿಬರಲ್ಲ. ನೀನು ಬಂದೆ. ನಾನೊಂದು ಮಾತಂದ್ರೆ ಊರಿನ ಆ ತುದೀಲಿ ಒಬ್ಬನಿಗೆ ಗಂಟಲು ಹಿಡಿಯುತ್ತೆ, ಓಡಿಬರ್ತಾನೆ. ಇಂಥಾ ಟಿ.ವಿ. ನಾನ್ಯಾಕೆ ವಾಪಸ್ ಕೊಡ್ಲಿ?"

ಅವರು ಮಾತಾಡಿದಷ್ಟು ಹೊತ್ತೂ ನನಗೆ ಒಂದೇ ಒಂದು ಬಿಕ್ಕಳಿಕೆ ಬರಲಿಲ್ಲ. ಅದು ಟಿ.ವಿ.ಯ ಬಗ್ಗೆ ದೂರಾಗಿರಲಿಲ್ಲವಲ್ಲ. ಇಷ್ಟು ದಿನ ನಾನು ಅವರ ಟಿ.ವಿ. ನೋಡಿದ್ದೆ, ತಂತಿ ನೋಡಿದ್ದೆ, ಅವರ ಮುಖ ನೋಡಿರಲಿಲ್ಲ.

"ಬಿಕ್ಕಳಿಕೆ ಬಂದ್ರೆ ಹೆಂಗಿರುತ್ತಯ್ಯಾ?" ಅಂತ ಅವರೇ ಕೇಳಿದರು, ಸ್ವಲ್ಪ ನಾಚಿಕೊಂಡು. "ನಂಗೆ ಒಂದು ಸಲನೂ ಬಂದಿಲ್ಲ."

"ಒಂದು ಸಲನೂ?"

"ನಾನ್ಯಾವತ್ತು ಏನು ಮಾರಿದೀನಿ? ಮಾರೋಕೆ ನಂದು ಅಂತ ಏನಿತ್ತು?"

ನನಗೆ ಕ್ಷೌರದ ಕುರ್ಚಿಯ ಹಿಂದೆ ನಿಂತಾಗ ಬುದ್ಧಿ ಚುರುಕಾಗುತ್ತದೆ, ಉಳಿದ ಕಡೆ ಅಷ್ಟಕ್ಕಷ್ಟೆ. ಆದರೆ ಆವತ್ತು ಆ ಮಂಚದ ತುದಿಯಲ್ಲಿ ಕೂತೇ ಹೊಳೆಯಿತು.

"ಅಮ್ಮಾ, ಈ ಟಿ.ವಿ. ನಿಮ್ಮದು ತಾನೇ? ಮುದ್ದುರಂಗ ನಿಮಗೇ ಕೊಟ್ಟಿದ್ದು. ವಾಪಸ್ ಕೊಡಬೇಡಿ. ನನಗೆ ಮಾರಿ."

ಅವರ ಕಣ್ಣು ಸಣ್ಣಗಾದವು. "ಮಾರಿದ್ರೆ?"

"ಮಾರಿದ್ರೆ ನಾನು ಗಿರಾಕಿ, ನೀವು ಮಾರಿದವರು. ನಾನು ಗೊಣಗಿದಾಗೆಲ್ಲ ಬಿಕ್ಕಳಿಕೆ ನಿಮಗೆ."

ಪುಟ್ಟತಾಯಮ್ಮ ರಿಮೋಟು ಒತ್ತಿ ಟಿ.ವಿ. ಆರಿಸಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದರು. "ಮಾರೋದಾದ್ರೆ ಪದ್ಧತಿ ಪ್ರಕಾರ ಮಾರಬೇಕು. ಕೂತಿರು," ಅಂತ ಅಡಿಗೆಮನೆಗೆ ಹೋದರು. ಹೊರಗೆ ರವೆ ಹುರಿಯುವ ವಾಸನೆ ಬಂತು. ಮುದ್ದುರಂಗ ಕೂಡ ಊಟಕ್ಕೆಂದು ಗಿರಣಿಯಿಂದ ಬಂದವನು ನನ್ನ ಪಕ್ಕದಲ್ಲೇ ಕೂತ. ಇಬ್ಬರ ಮುಂದೆಯೂ ತಟ್ಟೆ ಬಂತು.

ಒಂದು ತುತ್ತು ಬಾಯಿಗಿಟ್ಟೆ. ಉಪ್ಪಿಲ್ಲ, ಸರಿ, ಅದು ಗೊತ್ತಿದ್ದದ್ದೇ. ಅದರ ಮೇಲೆ ಗಂಟುಗಂಟು, ಸಾಸಿವೆ ಸೀದುಹೋಗಿದೆ, ರವೆ ಹಸಿಹಸಿ. ಆದರೆ ನಾನು ಹುಟ್ಟಿದಾಗಿನಿಂದ ಈ ಊರಿನಲ್ಲಿ ಬೆಳೆದವನು, ಜೊತೆಗೆ ಗಿರಾಕಿಗಳನ್ನು ಹೊಗಳಿ ಹೊಟ್ಟೆ ಹೊರೆದವನು. ಬಾಯಿ ತಾನಾಗಿಯೇ ಹೇಳಿತು: "ಆಹಾ! ಅಮೃತ ಕಣಮ್ಮ!"

ಪುಟ್ಟತಾಯಮ್ಮ ತಟ್ಟೆಯನ್ನು ಕಿತ್ತುಕೊಂಡರು. "ಏಳಯ್ಯಾ ಮೇಲೆ. ನಿಂಗೆ ಮಾರಲ್ಲ."

"ಯಾಕಮ್ಮಾ?"

"ನಿನ್ನಂಥ ತೃಪ್ತಿವಂತ ಕೊಂಡ್ಕೊಂಡ್ರೆ ನಂಗೆ ಬಿಕ್ಕಳಿಕೆ ಎಲ್ಲಿಂದ ಬರಬೇಕು? ಅಂಥೋನು ಮನೇಲಿ ಒಬ್ಬ ಇದಾನೆ, ಸಾಕು."

ಆಗ ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಗೆ ಬಂತು. "ಥೂ! ಇದೂ ಒಂದು ಉಪ್ಪಿಟ್ಟಾ? ಉಪ್ಪಿಲ್ಲ, ಹುಳಿಯಿಲ್ಲ, ಕರಿಬೇವಿನ ಎಲೆ ನೋಡಿದ್ರೆ ಹೋದ ವರ್ಷದ್ದು! ಗೋಡೆಗೆ ಮೆತ್ತಿದ್ರೆ ಗೋಡೆನೇ ಬೇಡ ಅನ್ನುತ್ತೆ! ಮನೆಗೆ ಬಂದೋನಿಗೆ ಇದನ್ನ ಕೊಡೋಕೆ ಕೈಯಾದ್ರೂ ಹೆಂಗೆ ಬಂತು ನಿಮಗೆ?"

ಪುಟ್ಟತಾಯಮ್ಮನ ಮುಖ ಅರಳಿದ್ದು ನೋಡಬೇಕಿತ್ತು ನೀವು. ಹೊಸ ಸೀರೆ ಉಡಿಸಿದಂತೆ ನಿಂತಿದ್ದರು. "ಹಿಂಗ್ ಹೇಳು ಮತ್ತೆ!" ಅಂದರು. "ಇಂಥ ಗಿರಾಕಿ ಬೇಕು ನಂಗೆ. ಗೊಣಗೋರಿಗೆ ದುಪ್ಪಟ್ಟು ಬೆಲೆ, ಗೊತ್ತಿದೆ ತಾನೇ?"

ಪಕ್ಕದಲ್ಲಿ ಮುದ್ದುರಂಗ ತನ್ನ ತಟ್ಟೆ ನೆಕ್ಕಿ, "ನಂಗೆ ಚೆನ್ನಾಗೇ ಇತ್ತು ಅತ್ತೆ," ಅಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಅರ್ಧ ಬೆಲೆಗೆ ಮಾರಿದ ಟಿ.ವಿ.ಯನ್ನು ದುಪ್ಪಟ್ಟು ಕೊಟ್ಟು ಕೊಂಡುಕೊಂಡೆ. ಆಟೋದವನು ಎತ್ತಲು ಬಂದರೆ ಪುಟ್ಟತಾಯಮ್ಮ ಬಿಡಲಿಲ್ಲ. ಮಂಡಿ ನೋವಿನ ಹೆಂಗಸು ಒಂದು ಕಡೆ, ನಾನು ಇನ್ನೊಂದು ಕಡೆ ಹಿಡಿದು ಬಾಗಿಲವರೆಗೂ ಹೊತ್ತು ತಂದೆವು. "ಕೈಯಾರೆ ಕೊಟ್ಟಿದೀನಿ, ಜ್ಞಾಪಕ ಇರಲಿ," ಅಂತ ಎರಡು ಸಲ ಹೇಳಿದರು.

ಟಿ.ವಿ.ಯನ್ನು ಅಂಗಡಿಯ ಹಳೇ ಮೂಲೆಯಲ್ಲೇ ಇಟ್ಟು ಸ್ವಿಚ್ಚು ಒತ್ತಿದೆ. ಚಿತ್ರ ಬಂತು, ಬದನೆಕಾಯಿ ಬಣ್ಣದಲ್ಲಿ. ಹೋದ ಹಣ ನೆನಪಾಗಿ ನನಗೆ ಮೈಯೆಲ್ಲ ಉರಿದುಹೋಯಿತು. "ದರಿದ್ರ ಟಿ.ವಿ.! ಇದಕ್ಕೆ ದುಪ್ಪಟ್ಟು ಬೇರೆ! ಆ ಮುದುಕಿ ನನ್ನ ತಲೆಯನ್ನೇ ಬೋಳಿಸಿಬಿಟ್ಟಳಲ್ಲ!" ಅಂತ ಜೋರಾಗಿಯೇ ಗೊಣಗಿದೆ. ನಟನೆಯೇನೂ ಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮುದ್ದುರಂಗ ಹಿಟ್ಟು ಉದುರಿಸುತ್ತಾ ಓಡಿಬಂದ. "ಅಣ್ಣ, ಅತ್ತೆಗೆ ಬಿಕ್ಕಳಿಕೆ! ಮನೆ ಮುಂದಿನ ಜಗಲಿ ಮೇಲೆ ಕೂತ್ಕೊಂಡಿದಾರೆ. ಹೋಗೋರು ಬರೋರನ್ನೆಲ್ಲ ಕರೆದು ಕರೆದು ತೋರಿಸ್ತಿದಾರೆ. 'ಟಿ.ವಿ. ಮಾರ್ದೆ ಕಣ್ರೇ, ಕೊಂಡೋನು ನನ್ನ ಬಿಡ್ತಾನೇ ಇಲ್ಲ' ಅಂತಿದಾರೆ. ನಗ್ತಿದಾರಣ್ಣ. ಅವರು ನಕ್ಕಿದ್ದು ನಾನು ನೋಡೇ ಇರಲಿಲ್ಲ."

ನಮ್ಮೂರಿನಲ್ಲಿ ಬಿಕ್ಕಳಿಕೆ ಬಂದರೆ ಜನ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಓಡುತ್ತಾರೆ. ಬೀದಿಗೆ ಬಂದು ಕೂತು ಬಿಕ್ಕಳಿಸಿದವರು ಪುಟ್ಟತಾಯಮ್ಮ ಒಬ್ಬರೇ. ಅಕ್ಕಪಕ್ಕದ ಹೆಂಗಸರು ಮೊದಲು ಬೆರಗಾಗಿ ನೋಡಿದರಂತೆ, ಆಮೇಲೆ ಒಬ್ಬಳು ನೀರು ತಂದುಕೊಟ್ಟಳಂತೆ, ಇನ್ನೊಬ್ಬಳು ಪಕ್ಕದಲ್ಲಿ ಕೂತು ಬೆನ್ನು ತಟ್ಟಿದಳಂತೆ. ಮಂಡಿ ನೋವಿನ ಮಾತೂ ಬಂತಂತೆ. ಕೇಳಿಸಿಕೊಂಡರಂತೆ.

ನನ್ನ ಗಂಟಲು ಆವತ್ತಿನಿಂದ ನೆಮ್ಮದಿಯಾಗಿದೆ. ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ಬಂದರು. ಕೆಂಪರಾಜುವಿನ ಕುರ್ಚಿಯಲ್ಲಿ ನಿದ್ದೆಗೆಟ್ಟಿದ್ದರಲ್ಲ, ಎಷ್ಟು ದಿನ ಅಂತ ತಡೆದಾರು? ಬಾಡಿಗೆ ಮಾಲೀಕರೂ ಬಂದು ಗಡ್ಡ ಮಾಡಿಸಿಕೊಂಡು, ಒಂದು ಸಣ್ಣ ನಿದ್ದೆ ತೆಗೆದು, ಅಂಗಡಿ ಬಿಡುವ ಮಾತೆತ್ತದೆ ಹೋದರು. ದಾಸಪ್ಪನವರು ಇನ್ನೂ ಮಾತಾಡುವುದಿಲ್ಲ, ಆದರೆ ಮೀಸೆ ಬೆಳೆಯುತ್ತಿದೆ. ನಾನು ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಹಳೇ ಟಿ.ವಿ. ಹಾಕುತ್ತೇನೆ. ಅದು ಬಣ್ಣ ಕೆಡಿಸುತ್ತದೆ, ನಾನು ಬಲಗೆನ್ನೆಗೆ ಬಿಡುತ್ತೇನೆ, ಮನಸಾರೆ ನಾಲ್ಕು ಮಾತು ಗೊಣಗುತ್ತೇನೆ. ಬುತ್ತಿ ಡಬ್ಬಿ ಒಯ್ಯಲು ಬರುವ ಜಯಶೀಲ, "ಆಯ್ತಾ ನಿಮ್ಮ ಸಂಧ್ಯಾವಂದನೆ?" ಅಂತ ನಗುತ್ತಾಳೆ. ಆ ಹೊತ್ತಿಗೆ ಗಿರಣಿ ಬೀದಿಯ ಜಗಲಿಯ ಮೇಲೆ ಪುಟ್ಟತಾಯಮ್ಮ ನೀರಿನ ಚೊಂಬು ಪಕ್ಕಕ್ಕಿಟ್ಟುಕೊಂಡು, ಹೆಂಗಸರನ್ನು ಸುತ್ತ ಕೂರಿಸಿಕೊಂಡು ಕಾಯುತ್ತಿರುತ್ತಾರಂತೆ.

ನಿನ್ನೆ ಸಂಜೆ ಟಿ.ವಿ. ಹಾಕಿದೆ. ಚಿತ್ರ ಸ್ವಚ್ಛವಾಗಿ ಬಂತು. ಹೊಸ ಟಿ.ವಿ.ಗಿಂತ ಚೆನ್ನಾಗಿ ಬಂತು. ದನಿ ಗಂಟೆ ಹೊಡೆದಂತಿತ್ತು. ಕಾದೆ, ಬಣ್ಣ ಕೆಡಲಿಲ್ಲ. ಎಡಗೆನ್ನೆಗೆ ಹೊಡೆದೆ, ಆಗಲೂ ಕೆಡಲಿಲ್ಲ. ಗೊಣಗಲು ಬಾಯಿ ತೆರೆದರೆ ಒಂದು ಮಾತೂ ಹುಟ್ಟಲಿಲ್ಲ. ಸುಳ್ಳು ಗೊಣಗಿ ಪ್ರಯೋಜನವಿಲ್ಲವಲ್ಲ. ಹೊರಗೆ ಬೀದಿದೀಪ ಹತ್ತಿತು. ಜಯಶೀಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಅಲ್ಲಿ ಕಾಯ್ತಿರ್ತಾರೆ ಕಣ್ರೀ," ಅಂದಳು. ನಾನು ಟಿ.ವಿ.ಯ ಹಿಂದೆ ಹೋಗಿ ಕೂತು, ಕತ್ತರಿಯ ತುದಿಯಿಂದ ಆ ತಂತಿಯನ್ನು ಸ್ವಲ್ಪ ಸಡಿಲ ಮಾಡಿದೆ.